ತಂಬಿಗೆಯ ಸದ್ದು

ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡೆ. ಔಷಧ, ಗಂಜಿ, ಸ್ನಾನ ಯಾವುದೂ ಹೊತ್ತು ತಪ್ಪಲಿಲ್ಲ. ಏನಾದರೂ ಬೇಕಾದಾಗ ಅವರು ತಂಬಿಗೆಯನ್ನು ಮಂಚಕ್ಕೆ ಬಡಿಯುತ್ತಿದ್ದರು, ನಾನು ಓಡುತ್ತಿದ್ದೆ. ನಿದ್ದೆಯಲ್ಲೂ ಕಿವಿ ಅತ್ತಲೇ ಇರುತ್ತಿತ್ತು.

ಅವರು ತೀರಿಕೊಂಡ ಆರು ವರ್ಷಕ್ಕೆ, ತಲೆಸುತ್ತು ಬಂತೆಂದು ಸಿಂದಗಿಯ ದವಾಖಾನೆಗೆ ಹೋದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಚಲೋ ಐತ್ರಿ" ಎಂದರು. ಅಷ್ಟರಲ್ಲಿ ಹೊರಗೆ ಯಾರೋ ಪಾತ್ರೆ ಬಡಿದ ಸದ್ದಾಯಿತು. ಪಟ್ಟಿಯನ್ನು ಎಳೆದುಕೊಂಡೇ ಎದ್ದುಬಿಟ್ಟೆ.

"ಎಲ್ಲಿ ಹೊಂಟ್ರಿ ಅವ್ವಾರ?"

"ಅತ್ತಿ ಕರ್ಯಾಕತ್ತಾರ್ರಿ."

ನನ್ನನ್ನು ಕೂರಿಸಿ ಮತ್ತೆ ಅಳೆದಾಗ ಡಾಕ್ಟರಮ್ಮನ ಮುಖ ಬಿಗಿಯಾಯಿತು. "ಏನ್ರಿ ಇದು! ಬಿ.ಪಿ. ಹಿಂಗ ಏರಿದ್ರ ಲಕ್ವಾ ಹೊಡದು ಕೈಕಾಲು ಬೀಳ್ತಾವ್ರಿ. ನಿಮ್ಮ ಅತ್ತಿಯವರಿಗೆ ಏನಾಗೈತಿ?"

"ಅದೇ ರಿ, ಲಕ್ವಾ" ಎಂದೆ. ನನ್ನ ಪಾದಗಳು ಇನ್ನೂ ಬಾಗಿಲ ಕಡೆಗೇ ತಿರುಗಿದ್ದವು.