ಟಿಟ್ಟವ್ವನ ನಾಲ್ಕು ಮೊಟ್ಟೆ

ತಡೀರಿ, ಬೇರೆ ಯಾವುದನ್ನೋ ಓದಲು ಹೋಗುವ ಮುಂಚೆ ಐದು ನಿಮಿಷ ಇಲ್ಲೇ ನಿಲ್ಲಿ. ಇದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮೊನ್ನೆ ದಾವಣಗೆರೆ ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯವನೊಬ್ಬ ಕರಬೂಜದ ಹಣ್ಣು ಹೋಳು ಮಾಡುತ್ತಿದ್ದ. ಚಾಕು ಇಳಿದ ಕೂಡಲೇ ಬಂತಲ್ಲ ಆ ವಾಸನೆ, ನಾನು ಹತ್ತಬೇಕಿದ್ದ ಬಸ್ಸು ಹೋಗಿಯೇಬಿಟ್ಟಿತು. ಹರಿಹರದ ಪಕ್ಕ ಗುತ್ತೂರಿನಲ್ಲಿದ್ದ ನಮ್ಮ ಮನೆಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಇದೇ ವಾಸನೆ ಇರುತ್ತಿತ್ತು. ಮಂಚದ ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಹಣ್ಣು ಸಾಲಾಗಿ ಇಟ್ಟಿರುತ್ತಿದ್ದರು. ಮಲಗಿದರೆ ತಲೆದಿಂಬಿಗೂ ಅದೇ ವಾಸನೆ, ಅಮ್ಮ ಬಡಿಸಿದ ಅನ್ನಕ್ಕೂ ಅದೇ. ಹಿತ್ತಲ ಬಾಗಿಲು ತೆಗೆದರೆ ನಾಲ್ಕು ಮೆಟ್ಟಿಲು, ಒಂದು ಹುಣಸೆ ಮರ, ಆಮೇಲೆ ತುಂಗಭದ್ರೆ. ಹೊಳೆ ಸೊರಗಿ ಮರಳು ತೇಲಿದ ಮೇಲೆ ಆ ಮರಳಲ್ಲೇ ಗುಣಿ ತೋಡಿ, ಗೊಬ್ಬರ ಹಾಕಿ, ನಮ್ಮವರು ಕರಬೂಜ, ಸೌತೆ ಬಳ್ಳಿ ಹಬ್ಬಿಸುತ್ತಿದ್ದರು. ನೀರು ಮತ್ತೆ ಬರುವವರೆಗೆ ಅದು ನಮ್ಮ ಹೊಲ.

ನೀರು ಯಾವಾಗ ಬರುತ್ತದೆ ಅಂತ ಹೇಳುವವಳು ನಮ್ಮ ಅಜ್ಜಿ, ಅಪ್ಪನ ತಾಯಿ. ಅಜ್ಜಿಗೆ ಹೇಳುತ್ತಿದ್ದದ್ದು ಟಿಟ್ಟಿಭ ಹಕ್ಕಿ. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು, ಮನುಷ್ಯರ ನೆರಳು ಕಂಡರೂ ಟಿಟ್ಟಿಟೀ ಅಂತ ಊರೆಲ್ಲ ಒಂದು ಮಾಡುತ್ತದಲ್ಲ, ಅದೇ. ಅಜ್ಜಿ ಅದನ್ನು ಟಿಟ್ಟವ್ವ ಅನ್ನುತ್ತಿದ್ದಳು. ಟಿಟ್ಟವ್ವ ತಗ್ಗಿನ ಮರಳಲ್ಲಿ ಮೊಟ್ಟೆಯಿಟ್ಟರೆ ಹೊಳೆ ನಿಧಾನವಾಗಿ ಬರುತ್ತದೆ, ಬಳ್ಳಿ ಇನ್ನೂ ಬಿಡಬಹುದು. ದಿಬ್ಬ ಹತ್ತಿ ಇಟ್ಟರೆ ನೀರು ಬೇಗ ಏರುತ್ತದೆ, ಇರುವಷ್ಟು ಕಾಯಿ ಕಿತ್ತುಕೊಂಡು ಎದ್ದುಬಿಡಬೇಕು. ಅದಕ್ಕೇ ಬೇಸಿಗೆಯ ಕೊನೆಯಲ್ಲಿ ದಿನಾ ಬೆಳಗ್ಗೆ ಅಜ್ಜಿ ಹೊಳೆದಂಡೆಯುದ್ದಕ್ಕೂ ಗೂಡು ಹುಡುಕುತ್ತಾ ನಡೆಯುತ್ತಿದ್ದಳು. ದಾರಿಯಲ್ಲಿ ಏನೇನು ಇರುತ್ತಿತ್ತು ಅಂತೀರಿ! ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ದಬಕ್ಕನೆ ಬೀಳುವ ಕಪ್ಪು ಬಿಳಿ ಮಿಂಚುಳ್ಳಿ, ಕತ್ತರಿಯಂಥ ಬಾಲದ ರೀವ ಹಕ್ಕಿ, ಕೆಂಪು ಕಡ್ಡಿಗಾಲಿನ ಮೆಟ್ಟುಗಾಲು ಹಕ್ಕಿ. ಬಂಡೆಯ ಮೇಲೆ ಮೀನಿನ ಮುಳ್ಳು ಬಿದ್ದಿದ್ದರೆ ಅಜ್ಜಿ, "ರಾತ್ರಿ ನೀರುನಾಯಿ ಊಟ ಆಗೈತೆ" ಅನ್ನುತ್ತಿದ್ದಳು. ಈ ಹೆಸರುಗಳಲ್ಲಿ ಅರ್ಧ ನಾನು ಆಮೇಲೆ ಫೋನಿನಲ್ಲಿ ಹುಡುಕಿ ಕಲಿತದ್ದು. ಅಜ್ಜಿಗೆ ಅವೆಲ್ಲ 'ಅದು', 'ಇದು', 'ಅದರ ಗಂಡ'.

ಒಂದೇ ತೊಂದರೆ. ಅಜ್ಜಿ ಒಬ್ಬರನ್ನೇ ಕರೆದುಕೊಂಡು ಹೋಗುತ್ತಿದ್ದಳು. ಇಬ್ಬರಾದರೆ ಮಾತಾಡುತ್ತೀರಿ, ಹಕ್ಕಿ ಏಳುತ್ತದೆ ಅಂತ. ಆ ಒಬ್ಬಳು ನಾನೇ, ಮೇ ತಿಂಗಳವರೆಗೆ. ಮೇ ತಿಂಗಳಿಗೆ ದಾವಣಗೆರೆಯಿಂದ ಪಲ್ಲವಿ ಬರುತ್ತಿದ್ದಳು, ಅತ್ತೆಯ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ಕಾಲಿಗೆ ಬೆಲ್ಟಿನ ಚಪ್ಪಲಿ, ತಲೆಗೆ ಟೋಪಿ. "ಬಂದೋರಿಗೆ ತೋರಿಸ್ಬೇಕವ್ವ. ನೀನು ಇಲ್ಲೇ ಇರ್ತೀಯಲ್ಲ" ಎಂದು ಅಜ್ಜಿ ಅವಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದಳು. ಇಲ್ಲೇ ಇರುವುದು ನನ್ನ ತಪ್ಪಾ? ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರಿಬ್ಬರೂ ಮರಳಲ್ಲಿ ಸಣ್ಣಗಾಗುವುದನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚು ಬರುತ್ತಿತ್ತು. ಈಗ ಬರೆಯುವಾಗಲೂ ಬಂತು, ಸುಳ್ಳು ಯಾಕೆ ಹೇಳಲಿ.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಆ ವರ್ಷದ ಗೂಡನ್ನು ಪಲ್ಲವಿಯೇ ಕಂಡುಹಿಡಿದಳು. ಅಜ್ಜಿ ಕೆಳಗೇ ನಿಂತಿದ್ದಳು, ದಿಬ್ಬ ಹತ್ತಿ ನೋಡಿದ್ದು ಪಲ್ಲವಿ ಒಬ್ಬಳೇ. ಗೂಡು ಅಂದರೆ ಗೂಡಲ್ಲ, ದಿಬ್ಬದ ತುದಿಯ ಕಲ್ಲುಪುಡಿಯಲ್ಲಿ ಒಂದು ತಟ್ಟೆಯಷ್ಟು ಕುಳಿ. ಅದರಲ್ಲಿ ಮಣ್ಣುಬಣ್ಣದ, ಕರಿ ಮಚ್ಚೆಯ ನಾಲ್ಕು ಮೊಟ್ಟೆ. ಮುಂದೆಯೇ ಇದ್ದರೂ ಕಾಣುವುದಿಲ್ಲ ಅವು. ನನಗೆ ಮೂರು ವರ್ಷದಿಂದ ಒಂದೂ ಸಿಕ್ಕಿರಲಿಲ್ಲ. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಮೊದಲ ಕರಬೂಜ ಕೊಯ್ದು ನಡುವಿನ ಹೋಳು ಅವಳಿಗೆ ಕೊಟ್ಟರು. "ಊರಾಗಿರೋರ ಕಣ್ಣಿಗೆ ಬೀಳ್ಲಿಲ್ಲ, ಪ್ಯಾಟೆ ಹುಡುಗಿ ಕಣ್ಣು ನೋಡ್ರಿ" ಅಂದ ಅಪ್ಪ ನನ್ನ ಕಡೆ ನೋಡಿ ನಕ್ಕ. ಸುಮ್ಮನೆ ನಕ್ಕಿದ್ದು, ಗೊತ್ತು. ಅವತ್ತು ಸಂಜೆ ಎಲ್ಲರೂ ಚಾ ಕುಡಿಯುತ್ತಿದ್ದಾಗ ನಾನು ದಿಬ್ಬಕ್ಕೆ ಹೋದೆ. ಟಿಟ್ಟವ್ವ ತಲೆಯ ಮೇಲೆ ಎರಗಿ ಎರಗಿ ಕಿರುಚಿತು. ನಾಲ್ಕೂ ಮೊಟ್ಟೆಯನ್ನು ಲಂಗದಲ್ಲಿ ಹಾಕಿಕೊಂಡೆ. ಬೆಚ್ಚಗಿದ್ದವು. ಕೆಳಗೆ ನಮ್ಮ ಬಳ್ಳಿಯ ಪಕ್ಕದ ಮರಳಲ್ಲಿ ಒಂದು ಕುಳಿ ಮಾಡಿ ಇಟ್ಟು ಬಂದೆ.

ಬೆಳಗ್ಗೆ ನಾನೇ ಕೂಗಿದೆ, "ಅಪ್ಪಾ, ಗೂಡು ಇಲ್ಲೈತೆ! ಪಲ್ಲಿ ಸುಳ್ಳು ಹೇಳ್ಯಾಳೆ!" ಅಪ್ಪ ದಿಬ್ಬ ಹತ್ತಿ ನೋಡಿದ, ಅಲ್ಲಿ ಏನೂ ಇರಲಿಲ್ಲ. ಪಲ್ಲವಿ, "ನಿನ್ನೆ ಇಲ್ಲೇ ಇತ್ತು ಮಾಮಾ, ಆಣೆ" ಅನ್ನುತ್ತಾ ಅತ್ತುಕೊಂಡು ಮನೆಯೊಳಗೆ ಓಡಿದಳು. ನನಗೆ ಎಷ್ಟು ಖುಷಿಯಾಯಿತು ಅಂತ ಬರೆಯಲು ಈಗ ನಾಚಿಕೆ. ಅಷ್ಟರಲ್ಲಿ ಅಪ್ಪ ಅಜ್ಜಿಗೆ ಅಂದ, "ಹಂಗಾದ್ರೆ ಚಲೋನೇ ಆತು ಯವ್ವಾ. ತಗ್ಗಿನಾಗೆ ಇಟ್ಟೈತೆ. ಇನ್ನೊಂದು ಹದಿನೈದು ದಿನ ಬಳ್ಳಿ ಬಿಡಾಣ." ನಾನು ಪಲ್ಲವಿಯನ್ನು ಸೋಲಿಸಲು ಹೊರಟಿದ್ದೆ, ಇಡೀ ಬಳ್ಳಿಯನ್ನು ಹೊಳೆಗೆ ಕೊಡಲು ಅಲ್ಲ.

ಅಜ್ಜಿ ಮೊಣಕಾಲೂರಿ ಕೂತು ಮೊಟ್ಟೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಆಗ ಏನು ತಪ್ಪು ಮಾಡಿದ್ದೆ ಅಂತ ನನಗೆ ಗೊತ್ತಾಗಿದ್ದು ದೊಡ್ಡವಳಾಗಿ ಹತ್ತಾರು ಗೂಡು ನೋಡಿದ ಮೇಲೆ. ಟಿಟ್ಟಿಭದ ಮೊಟ್ಟೆಗೆ ಒಂದು ಕಡೆ ಚೂಪು ಇರುತ್ತದೆ. ಹಕ್ಕಿ ಆ ಚೂಪುಗಳೆಲ್ಲ ಒಳಗೆ ಸೇರುವ ಹಾಗೆ ಜೋಡಿಸಿಕೊಂಡು ಕೂರುತ್ತದೆ. ನಾನು ಗೋಲಿ ಸುರಿದ ಹಾಗೆ ಸುರಿದಿದ್ದೆ. ಅಜ್ಜಿ ಎದ್ದು ಸೀರೆಯ ಮರಳು ಕೊಡವಿಕೊಂಡು, "ಬಳ್ಳಿ ಕೀಳ್ರಿ, ಇವತ್ತೇ" ಅಂದಳು. "ಯಾಕ ಯವ್ವಾ?" ಅಂದ ಅಪ್ಪ. "ಕೀಳ್ರಿ ಅಂದ್ನಲ್ಲ." ಅಷ್ಟೇ. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ.

ಅಪ್ಪ ಗೋಣಿಚೀಲ ತರಲು ಹೋದಾಗ ಅಜ್ಜಿ ನನ್ನನ್ನು ಹುಣಸೆ ಮರದ ಬುಡದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ದಿಬ್ಬದ ಕಡೆ ಕಣ್ಣಲ್ಲೇ ತೋರಿಸಿದಳು. ಟಿಟ್ಟವ್ವ ಬಂತು. ಅತ್ತಿತ್ತ ನೋಡಿತು. ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ, ಆ ಖಾಲಿ ಕುಳಿಯ ಮೇಲೆ ಮೈ ಅಲುಗಿಸಿ ಅಲುಗಿಸಿ ಸರಿಮಾಡಿಕೊಂಡು ಕೂತಿತು. ಕೆಳಗೆ ಏನೂ ಇಲ್ಲ. ಸುಮ್ಮನೆ ಮರಳಿಗೆ ಕಾವು ಕೊಡುತ್ತಾ ಕೂತಿತು. ನಾನು ಅಳಲು ಶುರುಮಾಡಿದೆ. ಅಜ್ಜಿ ಎದ್ದಳು. ಮೊಟ್ಟೆಗಳನ್ನು ತಾನೇ ಎತ್ತಿಕೊಂಡು ಹೋಗಿ, ಚೂಪು ಒಳಗೆ ಮಾಡಿ, ಮೊದಲಿನ ಜಾಗದಲ್ಲೇ ಇಟ್ಟು ಬಂದಳು. ಮಾರನೇ ದಿನ ಬೆಳಗ್ಗೆ ಪಲ್ಲವಿ ಎದ್ದಿರಲಿಲ್ಲ, ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ನೀನು ಬ್ಯಾಡ ನೇತ್ರಿ. ನಿನ್ ಜೋಡಿ ಬಂದ್ರೆ ನಾ ಹಕ್ಕಿ ನೋಡಲ್ಲ, ನಿನ್ನೇ ನೋಡ್ತಿರ್ಬೇಕು" ಅಂದಳು. ಒಳಗೆ ಹೋಗಿ ಪಲ್ಲವಿಯನ್ನು ಎಬ್ಬಿಸಿದಳು.

ಬಳ್ಳಿ ಕಿತ್ತ ಒಂಬತ್ತನೆಯ ದಿನ ಹೊಳೆ ಕೆಂಪಾಗಿ ಬಂದು ದಿಬ್ಬದ ಬುಡಕ್ಕೆ ನಿಂತಿತು. ಮೊಟ್ಟೆ ಒಡೆದು ಮರಿ ಬರಲಿಲ್ಲ, ಒಂದು ರಾತ್ರಿಯ ಥಂಡಿಯೇ ಸಾಕಾಗಿತ್ತು ಅನ್ನಿಸುತ್ತದೆ. ಮುಂದಿನ ಬೇಸಿಗೆಗೆ ಅಜ್ಜಿಯ ಮೊಣಕಾಲು ಕೆಟ್ಟು ನಾಲ್ಕು ಮೆಟ್ಟಿಲೂ ಇಳಿಯಲಾಗದ ಹಾಗಾಯಿತು, ಅದರ ಮುಂದಿನ ಬೇಸಿಗೆಗೆ ಅವಳೇ ಇರಲಿಲ್ಲ. ಅಂದರೆ ಅಜ್ಜಿ ಹೊಳೆದಂಡೆಯಲ್ಲಿ ನಡೆದ ಕೊನೆಯ ಬೆಳಗುಗಳೆಲ್ಲ ಪಲ್ಲವಿಯ ಪಾಲಾದವು. ಆಮೇಲೆ ಮರಳನ್ನು ಲಾರಿಗಳು ಹೊತ್ತುಕೊಂಡು ಹೋದವು, ಬಳ್ಳಿ ಹಾಕಲು ಜಾಗ ಉಳಿಯಲಿಲ್ಲ. ನಾವು ದಾವಣಗೆರೆಗೆ ಬಂದೆವು, ಮನೆಯಿದ್ದ ಜಾಗದಲ್ಲಿ ಈಗ ತಗಡಿನ ಗೋದಾಮು ಇದೆ. ನಾನು ಸೆಕೆಂಡ್ ಹ್ಯಾಂಡ್ ದುರ್ಬೀನು ಕೊಂಡು ಭಾನುವಾರ ಭಾನುವಾರ ಹರಿಹರಕ್ಕೆ ಹೋಗುತ್ತೇನೆ. ನೋಡಿದ ಹಕ್ಕಿಗಳ ಪಟ್ಟಿ ಉದ್ದವಾಗಿದೆ. ಮೂರು ನೀರುನಾಯಿ ಒಟ್ಟಿಗೆ ಈಜಿದ್ದನ್ನೂ ನೋಡಿದ್ದೇನೆ. ಆದರೂ ಪಟ್ಟಿಗೆ ಹೊಸ ಹೆಸರು ಸೇರಿಸುವಾಗಲೆಲ್ಲ ಒಂದೇ ಯೋಚನೆ: ಇದನ್ನು ಅಜ್ಜಿ ಅವಳಿಗೆ ತೋರಿಸಿದ್ದಳಾ?

ಕರಬೂಜದ ವಾಸನೆ ಬಂದ ಅವತ್ತು ತಡೆಯಲಾಗದೆ ಪಲ್ಲವಿಗೆ ಫೋನ್ ಮಾಡಿದೆ. "ಆ ಕೊನೇ ಸಲ ಅಜ್ಜಿ ಜೊತೆ ಏನೇನು ಹಕ್ಕಿ ನೋಡಿದ್ಯೇ?"

"ಹಕ್ಕಿನಾ? ಯಾರಿಗ್ ನೆನಪೈತೆ ಮಾರಾಯ್ತಿ! ನಾ ಏನೂ ನೋಡ್ತಾನೇ ಇರ್ಲಿಲ್ಲ."

"ಮತ್ತೆ ದಿನಾ ಹೋಗ್ತಿದ್ದೆ?"

"ಬಿಸಿಲು ಅಂತ ಅಜ್ಜಿ ನನ್ನ ಸೆರಗಿನೊಳಗೆ ಹಾಕ್ಕೊಂಡು ನಡಸ್ತಿದ್ಲು. ಹಸಿರು ಸೀರೆ. ಒಳಗೆಲ್ಲ ಹಸಿರು ಬೆಳಕು ಕಣೇ. ನಂಗೆ ಅದೊಂದೇ ನೆನಪಿರೋದು." ಆಮೇಲೆ ಅವಳೇ ಕೇಳಿದಳು, "ನೀ ಯಾಕ ಬರ್ತಿರ್ಲಿಲ್ಲ? ಅವಳಿಗೆ ನಿದ್ದಿ ಜಾಸ್ತಿ, ಮಲಗ್ಲಿ ಬಿಡು ಅಂತಿದ್ಲು ಅಜ್ಜಿ."

ಹೌದು, ನಿದ್ದೆ ಬರುತ್ತಿತ್ತು ಅಂದೆ. ಹೀಗಾಗಿ ಪಲ್ಲಿ, ಇದನ್ನು ನೀನೂ ಈಗಲೇ ಓದುತ್ತಿದ್ದೀಯ. ನೀನು ಅವತ್ತು ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ನಿನ್ನ ಹಕ್ಕಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಅವನ್ನೆಲ್ಲ ನಾನೂ ಆಮೇಲೆ ನೋಡಿಕೊಂಡೆ. ಆ ಹಸಿರು ಬೆಳಕನ್ನು ಮಾತ್ರ ಯಾವ ದುರ್ಬೀನಿನಲ್ಲಿ ಹುಡುಕಲಿ, ಹೇಳು.

ನೀವೂ ಯಾರದ್ದಾದರೂ ಸೆರಗು ಹಿಡಿದೋ, ಟವೆಲ್ಲಿನ ನೆರಳಲ್ಲೋ ಬೇಸಿಗೆಯ ಹೊಳೆದಂಡೆಯಲ್ಲಿ ನಡೆದಿದ್ದರೆ ಕೆಳಗೆ ಬರೆಯಿರಿ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಂದೊಂದನ್ನೂ ಓದುತ್ತೇನೆ, ಹೊಟ್ಟೆ ಉರಿದುಕೊಂಡೇ ಓದುತ್ತೇನೆ.