ಹುತ್ತದ ಮಣ್ಣು

ಆ ಕಾಲದಲ್ಲಿ ಪಯ್ಯಂಪಳ್ಳಿಯ ಆಚೆಯ ಗುಡ್ಡಗಳೆಲ್ಲ ದೊರೆಗಳ ಕಾಫಿತೋಟ. ಈಚೆಯ ಗದ್ದೆಬಯಲು ನಮ್ಮಂಥ ಜೈನ ಒಕ್ಕಲು ಮನೆಗಳದ್ದು. ಕೋಳಿ ಕೂಗುವುದು ಬೇಲಿಯ ಆ ಬದಿಯಲ್ಲಿ, ನಾವು ಏಳುವುದು ಈ ಬದಿಯಲ್ಲಿ. ನಮ್ಮ ಮನೆಯಲ್ಲಿ ಕೋಳಿಮರಿ ಸಾಕಿದ್ದು ಒಂದೇ ಬೇಸಿಗೆ. ಅದರ ಬಗ್ಗೆ ಮನೆಯವರು ಇಂದಿಗೂ ಹೇಳುವ ಕತೆಯೊಂದಿದೆ: ಅಜ್ಜಿ ಪಾಪ, ಅವಳಿಗೆ ಏನೂ ಗೊತ್ತಾಗಲಿಲ್ಲ. ಎಂಟು ವರ್ಷದವಳಾಗಿದ್ದ ನಾನು ಎಲ್ಲವನ್ನೂ ಪಕ್ಕದಲ್ಲೇ ಕುಳಿತು ನೋಡಿದವಳು. ಈ ಕತೆಯನ್ನು ನಾನು ಒಪ್ಪುವುದಿಲ್ಲ.

ದೊರೆಗಳ ಬಂಗಲೆಯ ಹೇಂಟೆಯೊಂದು ಬೇಲಿ ನುಸುಳಿ ಬಂದು ನಮ್ಮ ಹುಲ್ಲಿನ ಬಣವೆಯ ಸಂದಿಯಲ್ಲಿ ಕಾವಿಗೆ ಕೂತಿತ್ತು. ಮರಿಗಳು ಹೊರಬಂದ ದಿನವೇ ಕಾಡುಬೆಕ್ಕು ತಾಯಿಯನ್ನು ಎತ್ತಿಕೊಂಡು ಹೋಯಿತು. ಉಳಿದದ್ದು ಏಳು ಮರಿ. ಬಂಗಲೆಗೆ ಹೇಳಿಕಳಿಸಿದರೆ, ತಾಯಿಯಿಲ್ಲದ ಮರಿ ಹದ್ದಿನ ಪಾಲು, ಅಲ್ಲೇ ಬಿಡಿ ಎಂದರು. ಅಜ್ಜಿ ಬಿಡಲಿಲ್ಲ. "ಹೊಸ್ತಿಲಿಗೆ ಬಂದ ಜೀವ. ಸಾಯಕ್ಕೆ ಬಿಟ್ರೆ ನಾವೇ ಕೊಂದಂಗೆ" ಎಂದು ಅವನ್ನು ಸೆರಗಿನಲ್ಲಿ ಒಳಗೆ ತಂದಳು.

ಬೆತ್ತದ ಕುಕ್ಕೆ, ಪಕ್ಕದಲ್ಲಿ ಬಿಸಿಬೂದಿ ತುಂಬಿದ ಮಡಕೆ. ಬೂದಿಯ ವಾಸನೆ, ಎಳೆಯ ತುಪ್ಪಳದ ವಾಸನೆ ಎರಡೂ ಸೇರಿ ನಡುಮನೆಯೇ ಬೆಚ್ಚಗಾಯಿತು. ಅಣ್ಣ ತೋಟದಲ್ಲಿ ಮರ ಕೊಯ್ಯುವ ಜಾಗದಿಂದ ಗರಗಸದ ಪುಡಿ ತಂದು ಹಾಸಿದ. ಮರಿಗಳು ಅದನ್ನು ನುಚ್ಚೆಂದುಕೊಂಡು ತಿಂದವು. ಕೊರಳ ಚೀಲ ಕಲ್ಲಿನಂತಾಗಿ ಎರಡು ಸತ್ತವು. ಹುಲ್ಲು ಹಾಸಿದೆವು. ಅದು ಹಿಕ್ಕೆಯಿಂದ ಒದ್ದೆಯಾಗಿ ಹುಳಿವಾಸನೆ ಹಿಡಿಯಿತು; ಇನ್ನೊಂದು ಹೋಯಿತು. ಉಳಿದ ನಾಲ್ಕಕ್ಕೆ ನೆನೆಸಿದ ನುಚ್ಚಕ್ಕಿ, ರಾಗಿ ಹಾಕಿದೆವು. ತಿನ್ನುತ್ತಿದ್ದವು, ಆದರೆ ರೆಕ್ಕೆ ಜೋತುಬಿದ್ದವು. ತಲೆಯ ಮೇಲೆ ಕಪ್ಪು ಬೊಟ್ಟಿದ್ದ ನನ್ನ ಚುಕ್ಕಿ ಎದ್ದು ನಿಲ್ಲುವುದನ್ನೇ ಬಿಟ್ಟಿತು.

ಕಾಡಂಚಿನ ಹಾಡಿಯಿಂದ ಗದ್ದೆಕೆಲಸಕ್ಕೆ ಬರುತ್ತಿದ್ದ ಕುರುಬರ ಮಾಚಿ ಕುಕ್ಕೆಯೊಳಗೆ ಇಣುಕಿದಳು.

"ಅಮ್ಮಾ, ಇದೇನು ಗಿಣಿಯಾ, ಅನ್ನ ತಿಂದು ಮಾತು ಕಲಿಯಕ್ಕೆ? ಕೋಳಿಕುಂಞಿ. ಚಿದಲು ಹಾಕಿ, ನಿಂತ್ಕತ್ತದೆ."

ಕುಂಞಿ ಎಂದರೆ ಮರಿ, ಚಿದಲು ಎಂದರೆ ಗೆದ್ದಲು. ಅಜ್ಜಿಯ ಮುಖ ಗಂಟಾಯಿತು.

"ಒಂದು ಜೀವ ಉಳಿಸಕ್ಕೆ ನೂರು ಜೀವವಾ? ಆ ಮಾತು ಈ ಮನೇಲಿ ಬೇಡ ಮಾಚಿ."

"ಬೇಡಾಂದ್ರೆ ಬೇಡ. ನಾಳೆ ಇದಕ್ಕೆ ಕುಳಿ ತೋಡಕ್ಕೆ ಬರ್ತೀನಿ."

ನಾನು ಚುಕ್ಕಿಯನ್ನು ಅಂಗೈಯಲ್ಲಿ ಹಿಡಿದು ಅಜ್ಜಿಯ ಎದುರಿಗೇ ಕುಳಿತೆ. ಅಳಲಿಲ್ಲ, ಊಟಕ್ಕೂ ಏಳಲಿಲ್ಲ. ಅಜ್ಜಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು.

ಬೆಳಿಗ್ಗೆ ಮಾಚಿಯನ್ನು ತಾನೇ ಕರೆದಳು. "ಹುಲ್ಲು ಸಾಕು. ಹಾಸಕ್ಕೆ ಮಣ್ಣು ತಾ."

"ಎಲ್ಲಿಯ ಮಣ್ಣು?"

"ಹುತ್ತದ್ದು. ಒಣಗಿರ್ತದೆ."

"ಅದ್ರಲ್ಲಿ ಏನೇನೋ ಇರ್ತದೆ ಅಮ್ಮಾ."

"ನಾನು ಮಣ್ಣು ಕೇಳಿದ್ದು."

ಮಾಚಿ ಮಣ್ಣು ತಂದಳು. ಕುಕ್ಕೆಗೆ ಸುರಿದಾಗ ಬಿಳಿ ಅಕ್ಕಿಕಾಳಿನಂಥವು ಅದರಲ್ಲಿ ಹರಿದಾಡಿದವು. ಚುಕ್ಕಿ ಕತ್ತು ಚಾಚಿತು, ಕುಕ್ಕಿತು, ಮತ್ತೆ ಕುಕ್ಕಿತು. ಅಜ್ಜಿ ಗೋಡೆಯ ಕಡೆ ತಿರುಗಿ ಜಪಮಣಿ ಎಣಿಸುತ್ತಿದ್ದಳು. ನಾಲ್ಕನೆಯ ದಿನ ಚುಕ್ಕಿ ನಿಂತಿತು. ಹತ್ತನೆಯ ದಿನ ಕುಕ್ಕೆಯ ಅಂಚಿಗೆ ಹಾರಿತು. ತಾವೇ ಕೆದಕಿ ತಿನ್ನಲು ಕಲಿತ ಮೇಲೆ ನಾಲ್ಕನ್ನೂ ಮಾಚಿ ತನ್ನ ಹಾಡಿಗೆ ಒಯ್ದಳು. ಮುಂದೇನಾಯಿತೆಂದು ಅಜ್ಜಿ ಕೇಳಲಿಲ್ಲ. ನನಗೂ ಕೇಳಲು ಬಿಡಲಿಲ್ಲ.

ಮಣ್ಣಿನಲ್ಲಿ ಗೆದ್ದಲಿತ್ತೆಂದು ಅಜ್ಜಿಗೆ ಗೊತ್ತಿರಲಿಲ್ಲವಂತೆ. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ್ದನ್ನು ಮತ್ತೆ ಬಾವಿಗೇ ಬಿಡುತ್ತಿದ್ದವಳು ಅವಳು. ನಲವತ್ತು ವರ್ಷ ಒಕ್ಕಲುತನ ಮಾಡಿದವಳಿಗೆ ಹುತ್ತದ ಒಳಮಣ್ಣು ಒಣಗಿರುವುದಿಲ್ಲ ಎಂಬುದು ತಿಳಿಯದೆ? ಅದು ಸದಾ ತಂಪು, ಸದಾ ತೇವ. ನಾನೇ ಗುದ್ದಲಿಯಿಂದ ಒಡೆದು ನೋಡಿದ್ದೇನೆ.

ಇನ್ನೊಂದು ಸಂಗತಿ ಇದೆ. ಅಜ್ಜಿಗೆ ಇದ್ದ ಒಂದೇ ಚಪಲ ಬೆಲ್ಲ. ದಿನಾ ಬೆಳಿಗ್ಗೆ ಒಂದು ಚೂರು ಕಚ್ಚಿ ಕಾಫಿ ಕುಡಿಯುತ್ತಿದ್ದಳು. ಮಣ್ಣು ಬಂದ ದಿನ ಅದನ್ನು ಬಿಟ್ಟಳು. ಸಾಯುವವರೆಗೂ ಮತ್ತೆ ಬಾಯಿಗಿಡಲಿಲ್ಲ. ಕೇಳಿದವರಿಗೆಲ್ಲ ಹಲ್ಲುನೋವು ಎಂದಳು. ಹಲ್ಲುನೋವಿನವಳು ಹುರಿದ ಕಡಲೆಯನ್ನು ಕಟಕಟ ಕಡಿಯುತ್ತಿದ್ದುದನ್ನು ನಾನು ಬಿಟ್ಟರೆ ಬೇರೆ ಯಾರೂ ಗಮನಿಸಿದಂತಿಲ್ಲ. ತಪ್ಪಿಗೆ ತಾನೇ ಪ್ರಾಯಶ್ಚಿತ್ತ ವಿಧಿಸಿಕೊಂಡು, ಅದನ್ನು ಯಾರ ಮುಂದೆಯೂ ಆಡದೆ ಇದ್ದುಬಿಟ್ಟಳು.

ಈಗ ನನ್ನ ಮೊಮ್ಮಗಳ ಮನೆಯಲ್ಲಿ ಮರಿಗಳ ಆಹಾರ ಚೀಲದಲ್ಲಿ ಬರುತ್ತದೆ, ಹಾಸಲು ಭತ್ತದ ಹೊಟ್ಟೂ ಚೀಲದಲ್ಲೇ. ಮರಿಗಳು ಅಷ್ಟಾಗಿ ಸಾಯುವುದಿಲ್ಲ, ಅದು ಒಳ್ಳೆಯದೇ. ಆದರೆ ಚೀಲದೊಳಗೆ ಯಾವ ಜೀವ ಪುಡಿಯಾಗಿದೆ ಎಂದು ಯಾರೂ ಕೇಳುವುದಿಲ್ಲ, ಅದಕ್ಕಾಗಿ ಯಾರೂ ಏನನ್ನೂ ಬಿಡುವುದಿಲ್ಲ.

ಅಜ್ಜಿ ಬಿಟ್ಟ ಬೆಲ್ಲದ ಚೂರು ದಿನಾ ಬೆಳಿಗ್ಗೆ ನನ್ನ ಅಂಗೈಗೆ ಬೀಳುತ್ತಿತ್ತು. ನನ್ನ ಮೇಲಿನ ಮುದ್ದಿಗೆ ಕೊಡುತ್ತಾಳೆ ಎಂದುಕೊಂಡು ನಾನು ಅದನ್ನು ವರ್ಷಗಟ್ಟಲೆ ಚಪ್ಪರಿಸಿ ತಿಂದೆ.