ಸುಮ್ಮನೆ ಕೂತಿದ್ದ ಮರಿ

ಮದುವೆಯಾಗಿ ಹಾರೋಹಳ್ಳಿಯ ಫ್ಯಾಕ್ಟರಿ ಪಕ್ಕದ ಬಾಡಿಗೆ ಮನೆಗೆ ಬಂದ ವರ್ಷ. ಒಂದು ಬೆಳಿಗ್ಗೆ ಅಂಗಳದಲ್ಲಿ ಪಾರಿವಾಳದ ಮರಿಯೊಂದು ಅಲುಗಾಡದೆ ಕೂತಿತ್ತು. ನಾನು ರೇಷ್ಮೆಹುಳ ಸಾಕುವ ಮನೆಯಲ್ಲಿ ಬೆಳೆದವಳು. ಹುಳ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಅಲುಗಾಡದೆ ಕೂತು, ಪೊರೆ ಬಿಡುವಾಗ ನಾವು ಮುಟ್ಟುವುದಿಲ್ಲ, ಹಿಪ್ಪುನೇರಳೆ ಸೊಪ್ಪೂ ಹಾಕುವುದಿಲ್ಲ. ಮರಿಯನ್ನೂ ಹಾಗೇ ಬಿಟ್ಟೆ. ಸಂಜೆಯಾದರೂ ತಾಯಿ ಬರಲಿಲ್ಲ.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ನೋಡಿ ಗದರಿದರು. "ಪುಕ್ಕ ಬಲಿತು ಹಾರಾಡೋ ಮರಿಯಾದ್ರೆ ಬುಡವ್ವ, ತಾಯಿ ನೋಡ್ಕತದೆ. ಇದಕ್ಕಿನ್ನೂ ಹಳದಿ ತುಪ್ಪುಳ ಐತೆ, ಗೂಡಿಂದ ಬಿದ್ದೈತೆ. ಎತ್ಕೊ."

ಎತ್ತಿಕೊಂಡೆ. ಮೈ ತಣ್ಣಗಿತ್ತು. ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಾಗ ಯಾಕೋ ಸಿಟ್ಟು ಬಂತು. ಆ ಬಾಡಿಗೆ ಮನೆಯಲ್ಲಿ ನಾನೂ ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದೆ. ಹೊಸದಲ್ಲವೇ, ತಾನೇ ಸರಿಹೋಗುತ್ತಾಳೆ ಎಂದು ತವರಿನವರೂ ಗಂಡನೂ ಬಿಟ್ಟಿದ್ದರು.